ಮಣ್ಣಿನ ಗೋಡೆ, ಮೇಣದಬತ್ತಿ, ಹೆದ್ದಾರಿ: ಟೂಸಾನ್‌ನ ಒಬ್ಬ ತಾಯಿಯ ಪ್ರಕರಣ

ಹಳೇ ಪೇಟೆ, ಹಳೇ ಓಣಿ ಉಳಿಸೋಕೆ ಹೊರಟವರ ಮುಂದೆ ಈ ಪ್ರಕರಣ ಇಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಇದು ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ಊರಿನದು. ಸುತ್ತ ಎತ್ತ ನೋಡಿದರೂ ಸೊನೋರಾ ಮರುಭೂಮಿ. ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಈಗ ಎಂಬತ್ತು ದಾಟಿದ ಒಬ್ಬ ಮೆಕ್ಸಿಕನ್-ಅಮೆರಿಕನ್ ಹೆಣ್ಣುಮಗಳು ಐವತ್ತು ವರ್ಷಕ್ಕೂ ಜಾಸ್ತಿ ಒಂದೇ ಕೆಲಸಕ್ಕೆ ಅಂಟಿಕೊಂಡರು. ತಮ್ಮ ಓಣಿಯ ಮಣ್ಣಿನ ಮನೆಗಳನ್ನು ಉಳಿಸುವ ಕೆಲಸ.

ಹೆಸರು ಹೇಳುವುದಿಲ್ಲ. ಅವರ ಗುರುತು ಸಿಗಬಾರದು ಅಂತ ಮನೆ, ಬೀದಿ, ಮನೆಮಂದಿಯ ವಿವರ ಬದಲಿಸಿದ್ದೇನೆ. ಊರು, ಇಸವಿ, ಯೋಜನೆ, ಕಾನೂನು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ಅವರು ನನ್ನನ್ನು 'ಮಿಹಾ' ಅಂತ ಕರೆಯುತ್ತಿದ್ದರು, ಅಂದರೆ ಮಗಳೇ ಅಂತ. ಅದಕ್ಕೇ ಇಲ್ಲಿ ನಾನೂ ಅವರನ್ನು ತಾಯಿ ಅಂತಲೇ ಕರೆಯುತ್ತೇನೆ.

ಊರು, ಓಣಿ

ಟೂಸಾನ್ ಮೊನ್ನೆ ಮೊನ್ನೆ ಎದ್ದ ಊರಲ್ಲ. ಸಾಂತಾ ಕ್ರೂಸ್ ನದಿ ದಂಡೆಯಲ್ಲಿ 4,000 ವರ್ಷಕ್ಕೂ ಹಿಂದೆಯೇ ಜನ ಬೇಸಾಯ ಮಾಡುತ್ತಿದ್ದರು. 1775ರಲ್ಲಿ ಸ್ಪೇನಿನವರು ಅಲ್ಲಿ ಕೋಟೆಗೆ ಜಾಗ ಗುರುತು ಮಾಡಿದರು. ಆಮೇಲೆ ಊರು ಮೆಕ್ಸಿಕೋಗೆ ಸೇರಿತು. 1854ರಲ್ಲಿ ಅಮೆರಿಕ ಆ ಸೀಮೆಯನ್ನೇ ಕೊಂಡುಕೊಂಡಿತು. ಹೀಗೆ ಮೂರು ದೇಶ ಬದಲಾದರೂ ಎಷ್ಟೋ ಕುಟುಂಬಗಳು ಇದ್ದ ಮನೆಯಲ್ಲೇ ಇದ್ದವು.

1880ರಲ್ಲಿ ರೈಲು ಬಂದ ಮೇಲೆ ಸುಟ್ಟ ಇಟ್ಟಿಗೆ, ಮರದ ಹಲಗೆ, ಇಳಿಜಾರು ಛಾವಣಿ ಎಲ್ಲ ಬಂತು. ಅದಕ್ಕೆ ಮುಂಚೆ ಹೆಚ್ಚುಕಮ್ಮಿ ಎಲ್ಲವನ್ನೂ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯಲ್ಲೇ ಕಟ್ಟುತ್ತಿದ್ದರು. ಅಡೋಬಿ ಅಂತಾರೆ ಅದಕ್ಕೆ. ಗೋಡೆ ಒಂದೂವರೆ ಎರಡು ಅಡಿ ದಪ್ಪ, ನೇರ ಬೀದಿಗೇ ಅಂಟಿಕೊಂಡಿರುತ್ತದೆ. ಬಾಗಿಲು ದಾಟಿದರೆ 'ಸಗ್ವಾನ್' ಅನ್ನೋ ಪಡಸಾಲೆ, ಅದರ ಎರಡು ಕಡೆ ಕೋಣೆ, ಹಿಂದೆ ಅಂಗಳ. ಮೇಲೆ ಪೈನ್ ಮರದ್ದೋ ಮೆಸ್ಕೀಟ್ ಮರದ್ದೋ ತೊಲೆ. ಈ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ದಾಯಾದಿಯೇ. ತೊಲೆಯ ಮೇಲೆ ಸವಾರೊ ಕಳ್ಳಿಯ ಒಣಗಿದ ಕಡ್ಡಿಗಳನ್ನು ಒತ್ತೊತ್ತಾಗಿ ಹಾಸಿ, ಅದರ ಮೇಲೆ ಮಣ್ಣು. ಬಯಲುಸೀಮೆಯಲ್ಲಿ ಮೇಲ್ಮುದ್ದೆ ಮನೆ ನೋಡಿದವರಿಗೆ ಇದು ಹೊಸದೇನಲ್ಲ, ಅಲ್ವಾ? ಮೊದಲ ಸಲ ತಾಯಿಯ ಮನೆಗೆ ಹೋದಾಗ ಹೊರಗೆ 42 ಡಿಗ್ರಿ ಬಿಸಿಲು. ಒಳಗೆ ಕಾಲಿಟ್ಟೆ. ತಣ್ಣಗಿನ ನೆಲ, ಮಣ್ಣಿನ ವಾಸನೆ. ರಾಯಚೂರು ಕಡೆಯ ನಮ್ಮಜ್ಜನ ಮನೆಗೇ ಬಂದ ಹಾಗಾಗಿ ಒಂದು ಗಳಿಗೆ ಮಾತೇ ಹೊರಡಲಿಲ್ಲ.

ಊರ ನಡುವಿನ ಈ ಭಾಗವನ್ನು ಜನ 'ಲಾ ಕಾಯೆ' ಅನ್ನುತ್ತಿದ್ದರು, ಅಂದರೆ ಬೀದಿ. ಮೆಕ್ಸಿಕನ್ ಮನೆಗಳೇ ಜಾಸ್ತಿ. ಅವುಗಳ ನಡುವೆ ಚೀನಾದವರ ಕಿರಾಣಿ ಅಂಗಡಿ, ಕಪ್ಪು ಜನರ ಮನೆಗಳು.

ಏನಾಯಿತು

1966ರ ಮಾರ್ಚ್ 1ರಂದು ಊರಲ್ಲಿ ಒಂದು ಮತದಾನ ನಡೆಯಿತು. ಪ್ಯೂಬ್ಲೋ ಸೆಂಟರ್ ಅನ್ನೋ ಮರುನಿರ್ಮಾಣ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅರಿಝೋನಾದಲ್ಲಿ ಈ ಬಗೆಯ ಮೊದಲ ದೊಡ್ಡ ಯೋಜನೆ ಇದು. ಕೆಡವೋಕೆ ಗುರುತು ಮಾಡಿದ್ದು 80 ಎಕರೆ, ಇಡೀ ರಾಜ್ಯದಲ್ಲೇ ಅತಿ ಹೆಚ್ಚು ಜನ ಒತ್ತಾಗಿ ಬದುಕುತ್ತಿದ್ದ 80 ಎಕರೆ.

ಆ ಕಾಲದ ಲೆಕ್ಕಾಚಾರ ತಿಳಿಯದೆ ಮುಂದಿನದು ಅರ್ಥ ಆಗುವುದಿಲ್ಲ. 1949ರ ವಸತಿ ಕಾನೂನಿನ ಪ್ರಕಾರ ಇಂಥ ಯೋಜನೆಯ ನಷ್ಟದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರ್ಕಾರವೇ ಕೊಡುತ್ತಿತ್ತು. ಆದರೆ ಆ ಜಾಗ ಕೊಳೆಗೇರಿ ಅಂತಲೋ, ಹಾಳುಬಿದ್ದದ್ದು ಅಂತಲೋ ಕಾಗದದಲ್ಲಿ ಇರಬೇಕು. ಅಂದರೆ ಒಂದು ಓಣಿಯನ್ನು ಕೊಳೆಗೇರಿ ಅಂತ ಕರೆದರೆ ಊರಿಗೆ ದುಡ್ಡು ಬರುತ್ತದೆ. ತಾಯಿಗೆ ಈ ವಿಷಯ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಮತದಾನದ ಹೊತ್ತಿಗೆ ಅವರಿಗೆ ಇಪ್ಪತ್ತೈದು ದಾಟಿತ್ತು, ಕಂಕುಳಲ್ಲಿ ಎರಡನೇ ಮಗು. ತಮ್ಮ ಅತ್ತೆ ದಿನಾ ಗುಡಿಸಿ ಸಾರಿಸೋ ಮನೆಯನ್ನು ಯಾಕೆ ಕೊಳಕು ಅಂತ ಬರೆದಿದ್ದಾರೆ ಅನ್ನೋದು ಅವರಿಗೆ ತಿಳಿಯಲೇ ಇಲ್ಲ.

1967ರಲ್ಲಿ ಕೆಲವು ಹೆಂಗಸರು, ಗಂಡಸರು ಸೇರಿ ಊರ ಹಳೇ ಚೌಕ 'ಲಾ ಪ್ಲಾಸೀತಾ'ವನ್ನಾದರೂ ಉಳಿಸೋಣ ಅಂತ ಸಮಿತಿ ಕಟ್ಟಿದರು. ತಾಯಿ ಅದರಲ್ಲಿ ಒಬ್ಬರು. ಮುಂದಾಳು ಅಲ್ಲ. ಮನೆಮನೆಗೆ ಹೋಗಿ ಸಹಿ ಹಾಕಿಸೋದು, ಸಭೆಗೆ ಜನ ಕರೆತರೋದು ಅವರ ಪಾಲಿನ ಕೆಲಸ. ಆ ಚೌಕಕ್ಕೆ ಮೊದಲೇ ಒಂದು ಏಟು ಬಿದ್ದಿತ್ತು. ಅಲ್ಲಿದ್ದ ಸಾನ್ ಅಗುಸ್ತೀನ್ ಚರ್ಚನ್ನು 1936ರಲ್ಲೇ ಕೆಡವಿದ್ದರು. ಅದರ ಕಲ್ಲಿನ ಬಾಗಿಲುವಾಡ ಮಾತ್ರ ಉಳಿದು, ಈಗ ರಾಜ್ಯದ ಇತಿಹಾಸ ಸಂಗ್ರಹಾಲಯದ ಮುಂಭಾಗದಲ್ಲಿ ಕೂತಿದೆ. ನಾನೂ ನೋಡಿದ್ದೇನೆ. ಬಾಗಿಲು ಚೆನ್ನಾಗಿದೆ. ಆದರೆ ಅದರ ಒಳಗೆ ಹೋದರೆ ಆ ಗುಡಿ ಸಿಗುವುದಿಲ್ಲ.

ಸಮಿತಿಗೆ ಚೌಕ ಉಳಿಸಿಕೊಳ್ಳೋಕೆ ಆಗಲಿಲ್ಲ. 1960ರ ದಶಕ ಮುಗಿಯುವ ಹೊತ್ತಿಗೆ ಬುಲ್ಡೋಜರ್ ಕೆಲಸ ಮುಗಿಸಿತ್ತು. 1971ರಲ್ಲಿ ಅಲ್ಲಿ ದೊಡ್ಡ ಸಮುದಾಯ ಭವನ ತೆರೆಯಿತು. ಹಳೇ ಚೌಕದ ಹೆಸರಲ್ಲೇ ಆಮೇಲೆ ಒಂದು ಅಂಗಡಿ-ಕಚೇರಿಗಳ ಸಂಕೀರ್ಣ ಕಟ್ಟಿದರು, 2018ರಲ್ಲಿ ಅದನ್ನೂ ಕೆಡವೋಕೆ ಶುರುಮಾಡಿದರು.

ಎಲ್ಲಿ ಎಡವಿದರು? ಈ ಪ್ರಶ್ನೆ ಇಟ್ಟುಕೊಂಡು ತಾಯಿಯ ಜೊತೆ ಎಷ್ಟೋ ಸಂಜೆ ಕೂತಿದ್ದೇನೆ. ಅವರು ಮುಲಾಜಿಲ್ಲದೆ ಒಪ್ಪಿಕೊಳ್ಳುವುದು ಒಂದನ್ನು: ಓಟು ಬಿದ್ದ ಮೇಲೆ ಎದ್ದರು. ಅದಕ್ಕೆ ಮುಂಚಿನ ವರ್ಷಗಳಲ್ಲಿ ನಗರಪಾಲಿಕೆಯವರು ನಕ್ಷೆ ಬರೆದರು, ಸರ್ವೆ ಮಾಡಿದರು, ಸಭೆ ನಡೆಸಿದರು. ಆಗ ಯಾರೂ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ, ಅದೂ ನಿಜ. ಇನ್ನೊಂದು ನನಗೆ ಕಾಣಿಸಿದ್ದು. ಅದೇ 1966ರ ಅಕ್ಟೋಬರ್‌ನಲ್ಲಿ, ಅಂದರೆ ಮತದಾನ ಆಗಿ ಏಳು ತಿಂಗಳಿಗೆ, ಅಮೆರಿಕದಲ್ಲಿ ಐತಿಹಾಸಿಕ ಸ್ಥಳಗಳ ರಕ್ಷಣೆಗೆ ರಾಷ್ಟ್ರೀಯ ಕಾನೂನು ಬಂತು. ಕೇಂದ್ರದ ದುಡ್ಡಲ್ಲಿ ನಡೆಯೋ ಕಾಮಗಾರಿಯಿಂದ ಐತಿಹಾಸಿಕ ಜಾಗಕ್ಕೆ ಏನಾಗುತ್ತದೆ ಅಂತ ಮೊದಲೇ ನೋಡಬೇಕು ಅಂತ ಅದು ಹೇಳಿತು. ಆದರೆ ಶುರುವಿನಲ್ಲಿ ಆ ರಕ್ಷಣೆ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಸೇರಿದ ಜಾಗಕ್ಕೆ ಮಾತ್ರ. ಲಾ ಕಾಯೆಯ ಮನೆಗಳ ಹೆಸರನ್ನು ಯಾರು ಬರೆದಿದ್ದರು? ಯಾರೂ ಇಲ್ಲ.

ಒಪ್ಪಿಕೊಂಡ ತಪ್ಪು ಹೆಸರು

ಆ 80 ಎಕರೆಯಲ್ಲಿ ಉಳಿದ ಬೆರಳೆಣಿಕೆಯ ಕಟ್ಟಡಗಳಲ್ಲಿ ಒಂದು 1880ರ ಸುಮಾರಿಗೆ ಕಟ್ಟಿದ ಅಡೋಬಿ ಮನೆ. ಅಲ್ಲಿ ತಲೆಮಾರುಗಟ್ಟಲೆ ಬದುಕಿದ್ದು ಸೋಸಾ, ಕರಿಯೊ ಅನ್ನೋ ಮೆಕ್ಸಿಕನ್ ಮನೆತನಗಳು. ಆದರೆ ಅದನ್ನು ಉಳಿಸಿದ್ದು ಜಾನ್ ಫ್ರೀಮಾಂಟ್ ಹೆಸರಲ್ಲಿ. ಆತ ಅರಿಝೋನಾದ ಗವರ್ನರ್ ಆಗಿದ್ದವನು. 1881ರಲ್ಲಿ ಮನೆಯನ್ನು ಸ್ವಲ್ಪ ಕಾಲ ಬಾಡಿಗೆ ಹಿಡಿದಿದ್ದ. ನಂಟು ಅಷ್ಟೇ.

ಇಲ್ಲಿ ಸಮಿತಿಯವರ ಒಳಗೇ ಜಗಳ ಆಯಿತು ಅಂತ ತಾಯಿ ಹೇಳುತ್ತಾರೆ. ನಮ್ಮವರ ಮನೆಗೆ ಗವರ್ನರ್ ಹೆಸರು ಯಾಕೆ ಅಂತ ಒಂದು ಕಡೆಯವರು. ಹೆಸರು ಯಾವುದಾದರೂ ಇರಲಿ, ಗೋಡೆ ನಿಲ್ಲಲಿ ಅಂತ ಇನ್ನೊಂದು ಕಡೆಯವರು. ತಾಯಿ ಎರಡನೇ ಗುಂಪಿಗೆ ಸೇರಿದರು, ಅದಕ್ಕೆ ಸ್ವಂತ ತಮ್ಮನೇ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದ. 1972ರಲ್ಲಿ ಮನೆ ಮ್ಯೂಸಿಯಂ ಆಗಿ ತೆರೆಯಿತು. ಕಾಲ ಹೋದ ಹಾಗೆ ಸೋಸಾ, ಕರಿಯೊ ಹೆಸರುಗಳು ಮುಂದಕ್ಕೆ ಬಂದವು. ಇವತ್ತು ಅದೇ ಮನೆಯಲ್ಲಿ ಟೂಸಾನ್‌ನ ಮೆಕ್ಸಿಕನ್-ಅಮೆರಿಕನ್ ಜನರ ಚರಿತ್ರೆ ಹೇಳುವ ಮ್ಯೂಸಿಯಂ ಇದೆ.

ನನಗೆ ಕೇಳಿದರೆ ಆ ನಿರ್ಧಾರ ಸರಿ. ಹೆಸರನ್ನು ಐವತ್ತು ವರ್ಷ ಬಿಟ್ಟು ತಿದ್ದಬಹುದು. ಬಿದ್ದ ಮನೆಯನ್ನು ತಿದ್ದೋಕೆ ಆಗುತ್ತಾ? ಆದರೂ ಅಲ್ಲಿಯವರೆಗೆ ಎಷ್ಟೋ ವರ್ಷ ಶಾಲೆ ಮಕ್ಕಳು ಅಲ್ಲಿಗೆ ಹೋಗಿ ಇದು ಗವರ್ನರ್ ಮನೆ ಅಂತ ಕಲಿತು ಬಂದರಲ್ಲ, ಅವರಲ್ಲಿ ಎಷ್ಟೋ ಮಕ್ಕಳ ಮುತ್ತಜ್ಜಿಯರು ಇದೇ ಓಣಿಯವರು. ಆ ನೋವನ್ನು ಸಣ್ಣದು ಅನ್ನೋಕೆ ನನ್ನಿಂದಾಗದು.

ತಿರುವು

ಅಷ್ಟರಲ್ಲಿ ಇನ್ನೊಂದು ಕಷ್ಟ ಬಂತು. ಉಳಿದ ಓಣಿಗಳ ನಡುವೆಯೇ ಬಟರ್‌ಫೀಲ್ಡ್ ಅನ್ನೋ ಹೆಸರಿನ ಹೆದ್ದಾರಿ ಹಾಯಿಸಬೇಕು ಅಂತ ಯೋಜನೆ. ತಾಯಿಯ ಮನೆ ಆ ಗೆರೆಯ ಮೇಲೇ ಇತ್ತು.

ಈ ಸಲ ಓಣಿಯವರು ಬೇರೆ ದಾರಿ ಹಿಡಿದರು. ಚೌಕ ಕಳೆದುಕೊಂಡವರಿಗೆ ಬೇಡಿಕೊಂಡರೆ ಏನೂ ಸಿಗುವುದಿಲ್ಲ ಅಂತ ಗೊತ್ತಾಗಿತ್ತು. ಏನನ್ನು ಪಟ್ಟಿಗೆ ಸೇರಿಸಿದರೆ ಹೆದ್ದಾರಿ ನಿಲ್ಲುತ್ತದೆ ಅಂತ ಹುಡುಕಿದರು. ದೊಡ್ಡ ಬಂಗಲೆ, ಹೆಸರಾಂತ ವ್ಯಕ್ತಿಯ ಮನೆ ಹುಡುಕಿಕೊಂಡು ಹೋಗಲಿಲ್ಲ. 'ಎಲ್ ತಿರಾದೀತೊ' ಹಿಡಿದುಕೊಂಡರು.

ಇದು ಏನು ಅಂತ ಹೇಳಬೇಕು. ಮೇನ್ ಅವೆನ್ಯೂ ಪಕ್ಕದಲ್ಲಿ ಒಂದು ಖಾಲಿ ಜಾಗ, ಹಿಂದೆ ಅರ್ಧ ಬಿದ್ದ ಅಡೋಬಿ ಗೋಡೆ, ಮುಂದೆ ಕಬ್ಬಿಣದ ಚೌಕಟ್ಟುಗಳಲ್ಲಿ ಮೇಣದಬತ್ತಿ. ಅಷ್ಟೇ. 1870ರ ದಶಕದಲ್ಲಿ ಒಬ್ಬ ಯುವಕ ತನ್ನ ಅತ್ತೆಯನ್ನೇ ಪ್ರೀತಿಸಿ, ಮಾವನ ಕೈಯಲ್ಲಿ ಕೊಲೆಯಾಗಿ, ಬಿದ್ದ ಜಾಗದಲ್ಲೇ ಮಣ್ಣಾದ ಅಂತ ಕಥೆ. ಪಾಪಿ ಅಂತ ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡಲಿಲ್ಲವಂತೆ. ಕಥೆ ಬಾಯಿಂದ ಬಾಯಿಗೆ ಬೇರೆ ಬೇರೆ ಥರ ಇದೆ. ಜನ ಮಾತ್ರ ಬಹಳ ಕಾಲದಿಂದ ಅಲ್ಲಿ ಬತ್ತಿ ಹಚ್ಚುತ್ತಿದ್ದಾರೆ. ರಾತ್ರಿಯಿಡೀ ಆರದೆ ಉರಿದರೆ ಅಂದುಕೊಂಡದ್ದು ಆಗುತ್ತದೆ ಅಂತ ನಂಬಿಕೆ. ಕಾಯಿಲೆ ಮಗುವಿಗೆ, ಯುದ್ಧಕ್ಕೆ ಹೋದ ಮಗನಿಗೆ, ಕೆಲಸ ಕಳೆದುಕೊಂಡ ಗಂಡನಿಗೆ ಅಂತ ಬತ್ತಿ. ಅಲ್ಲಿ ಪಾದ್ರಿ ಇಲ್ಲ, ಕಟ್ಟಡ ಇಲ್ಲ, ಹುಂಡಿ ಇಲ್ಲ. ನಾನು ಹೋದ ಸಂಜೆ ಗಾಜಿನ ಲೋಟದಂಥ ಬತ್ತಿಗಳು ಹದಿನೈದಿಪ್ಪತ್ತು ಇದ್ದವು. ಗೋಡೆಯ ಬಿರುಕುಗಳಲ್ಲಿ ಮಡಚಿಟ್ಟ ಚೀಟಿಗಳು. ಕೆಳಗೆ ಮೇಣ ಕರಗಿ ಕರಗಿ ನೆಲವೇ ಕಪ್ಪಾಗಿತ್ತು. ನಮ್ಮ ಊರ ಕಡೆ ಬೇವಿನಕಟ್ಟೆಯ ಮೇಲೆ ಕಲ್ಲು ನಿಲ್ಲಿಸಿ ಅರಿಶಿನ ಹಚ್ಚಿರುತ್ತಾರಲ್ಲ, ಹಾಗೆಯೇ ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ಜಾಗ.

ಇದನ್ನು ಪಟ್ಟಿಗೆ ಸೇರಿಸೋದು ಸುಲಭ ಇರಲಿಲ್ಲ. ಅರ್ಜಿಯಲ್ಲಿ ವಾಸ್ತು, ಕಾಲ, ಮಹತ್ವ ಅಂತ ಕೇಳುತ್ತಾರೆ. ಇಲ್ಲಿ ವಾಸ್ತು ಅನ್ನೋಕೆ ಒಂದು ಮುರುಕು ಗೋಡೆ. ಹಾಗಾಗಿ ಬರೆಯಬೇಕಾಗಿದ್ದು ಜನ ಏನು ಮಾಡುತ್ತಾರೆ ಅನ್ನೋದನ್ನ. ತಾಯಿ ಸೀರಿಯಸ್ಸಾಗಿ ಪೆನ್ನು ಹಿಡಿದದ್ದು ಆಗಲೇ. ಓಣಿಯ ಮುದುಕಿಯರ ಹತ್ತಿರ ಕೂತು, ಯಾರು ಯಾವಾಗ ಯಾಕೆ ಬತ್ತಿ ಹಚ್ಚಿದರು ಅಂತ ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೆಲವು ಅಜ್ಜಿಯರು ಹರಕೆಯ ವಿಷಯ ಹೇಳಲ್ಲ ಅಂದರು. ಹೇಳದವರ ಮನೆಗೆ ಎರಡನೇ ಸಲ ಬರೆಯೋಕೆ ಹೋಗಲಿಲ್ಲ, ಸುಮ್ನೆ ಮಾತಾಡಿಸಿಕೊಂಡು ಬರೋಕೆ ಹೋದರು. ಇದು ನನಗೆ ತುಂಬಾ ಹಿಡಿಸಿದ ವಿಷಯ.

1971ರ ನವೆಂಬರ್‌ನಲ್ಲಿ ಎಲ್ ತಿರಾದೀತೊ ರಾಷ್ಟ್ರೀಯ ಪಟ್ಟಿಗೆ ಸೇರಿತು. 1966ರಲ್ಲೇ ಬಂದ ಇನ್ನೊಂದು ಕಾನೂನು, ಸಾರಿಗೆಯದು, ಇಲ್ಲಿ ಕೈ ಹಿಡಿಯಿತು. ಬೇರೆ ಸರಿಯಾದ ದಾರಿ ಇದ್ದರೆ ಕೇಂದ್ರದ ಹೆದ್ದಾರಿ ದುಡ್ಡಲ್ಲಿ ಐತಿಹಾಸಿಕ ಜಾಗವನ್ನು ಮುಟ್ಟುವ ಹಾಗಿಲ್ಲ ಅಂತ ಅದರ ತಾತ್ಪರ್ಯ. ಜೊತೆಗೆ ಓಣಿಯವರ ಒತ್ತಾಯ, ಸಭೆ, ಗಲಾಟೆ ಎಲ್ಲ ಸೇರಿ ಹೆದ್ದಾರಿ ಕೈಬಿಟ್ಟರು. ಬರೀ ಕಾಗದದಿಂದ ಆಗುತ್ತಿರಲಿಲ್ಲ. ಬರೀ ಗಲಾಟೆಯಿಂದಲೂ ಆಗುತ್ತಿರಲಿಲ್ಲ, ಚೌಕದ ವಿಷಯದಲ್ಲಿ ಅದನ್ನು ನೋಡಿ ಆಗಿತ್ತು.

1978ರಲ್ಲಿ ಬಾರಿಯೊ ಲಿಬ್ರೆ ಅನ್ನೋ, ಆ ಉಳಿದ ಓಣಿಗಳ ಇಡೀ ಪ್ರದೇಶವೇ ರಾಷ್ಟ್ರೀಯ ಪಟ್ಟಿಗೆ ಸೇರಿತು. ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆ ಪಟ್ಟಿಯಲ್ಲಿದ್ದರೂ ಮನೆ ಮಾಲೀಕ ಸ್ವಂತ ದುಡ್ಡಲ್ಲಿ ಕೆಡವಿದರೆ ರಾಷ್ಟ್ರೀಯ ಕಾನೂನು ತಡೆಯುವುದಿಲ್ಲ. ತಡೆಯೋಕೆ, ಕನಿಷ್ಠ ಪ್ರಶ್ನೆ ಮಾಡೋಕೆ, ನಗರಪಾಲಿಕೆಯ ಸ್ವಂತ ನಿಯಮ ಬೇಕು. ತಾಯಿ ಮುಂದಿನ ಹತ್ತು ವರ್ಷ ಕಳೆದದ್ದು ಆ ನಿಯಮಗಳ ಸಭೆಗಳಲ್ಲಿ. ಬೇಜಾರು ಹಿಡಿಸೋ ಸಭೆಗಳು: ಕಿಟಕಿ ಎಷ್ಟಗಲ, ಬೇಲಿ ಎಷ್ಟೆತ್ತರ. ಹೋರಾಟದ ದಿನ ಬಂದ ನೂರು ಜನರಲ್ಲಿ ಈ ಸಭೆಗೆ ಬಂದವರು ನಾಲ್ಕೈದು.

ಸಿಮೆಂಟಿನ ಪಾಠ

ಮನೆ ಬೀಳಿಸೋಕೆ ಬುಲ್ಡೋಜರೇ ಬೇಕಾಗಿಲ್ಲ ಅನ್ನೋದನ್ನು ತಾಯಿ ಸ್ವಂತ ಮನೆಯಲ್ಲೇ ಕಲಿತರು. ಗೋಡೆ ಗಟ್ಟಿ ಇರಲಿ ಅಂತ ಅವರ ಮಾವ ಹೊರಗಡೆ ಕೋಳಿಬಲೆ ಬಡಿದು ಸಿಮೆಂಟ್ ಗಾರೆ ಮಾಡಿಸಿದ್ದರು. ನೋಡೋಕೆ ಚೆನ್ನಾಗಿತ್ತು. ಮಣ್ಣಿನ ಗೋಡೆ ಉಸಿರಾಡಬೇಕು. ನೆಲದಿಂದ ತೇವ ಏರುತ್ತದೆ, ಹೊರಗೆ ಹೋಗಬೇಕು. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕಿತು. ಮೇಲಿಂದ, ಛಾವಣಿಯ ಮೇಲಿಟ್ಟ ಏರ್ ಕೂಲರ್ ನೀರು ತೊಟ್ಟಿಕ್ಕುತ್ತಿತ್ತು. ಒಂದು ದಿನ ಬುಡದಲ್ಲಿ ಸಿಮೆಂಟಿನ ಒಂದು ಹಕ್ಕಳೆ ಎದ್ದು ಬಂತು. ತಾಯಿ ಆ ಸಂದಿಯಲ್ಲಿ ಕೈ ಹಾಕಿದರೆ ಮೊಣಕೈವರೆಗೆ ಹೋಯಿತು. ಒಳಗೆ ಇಟ್ಟಿಗೆ ಇರಲಿಲ್ಲ, ಒದ್ದೆ ಪುಡಿಮಣ್ಣು ಇತ್ತು. ಗೋಡೆ ನಿಂತಿದ್ದು ಸಿಮೆಂಟಿನ ಸಿಪ್ಪೆಯ ಮೇಲೆ.

ಊರಾಚೆ 1797ರಲ್ಲಿ ಮುಗಿದ ಸಾನ್ ಹವಿಯೆರ್ ಚರ್ಚಿಗೂ ಇದೇ ಕಾಯಿಲೆ ಬಂದಿತ್ತು. ಅಲ್ಲಿ ಸಿಮೆಂಟ್ ಕಿತ್ತು, ಸುಣ್ಣದ ಗಾರೆಗೆ ಪಾಪಸುಕಳ್ಳಿಯ ಲೋಳೆ ಬೆರೆಸಿ ಬಳಿದರು. ಹಳೇ ಕಾಲದ ರೀತಿ ಅದು. ನಮ್ಮಲ್ಲಿ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದರಲ್ಲ, ಹಾಗೆ. ತಾಯಿ ಅದನ್ನು ನೋಡಿ ಬಂದು ತಮ್ಮ ಮನೆಗೂ ಅದನ್ನೇ ಮಾಡಿದರು. ಆಮೇಲೆ ಓಣಿಯಲ್ಲಿ ಯಾರು ಗೋಡೆ ಕೆಲಸ ಹಿಡಿದರೂ ಇವರು ಬಕೆಟ್ ಹಿಡಿದು ಹಾಜರು. ಕಿತ್ತ ಸಿಮೆಂಟಿನ ಒಂದು ತುಂಡನ್ನು, ಹಿಂದುಗಡೆ ಬಲೆ ಅಂಟಿಕೊಂಡೇ ಇರುವ ಹಾಗೆ, ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದಾರೆ. ಮನೆಗೆ ಬಂದವರ ಕೈಗೆ ಮೊದಲು ಕೊಡೋದು ಅದನ್ನೇ.

ಉಳಿದದ್ದು, ಉಳಿಯದ್ದು

ಈಗ ಆ ಓಣಿಗೆ ಹೋದರೆ ಕಣ್ಣು ತುಂಬುತ್ತದೆ. ಗುಲಾಬಿ, ನೀಲಿ, ಹಳದಿ ಗೋಡೆಗಳು, ಹಳೇ ಮೆಸ್ಕೀಟ್ ಬಾಗಿಲುಗಳು. ಫೋಟೋ ತೆಗೆಯೋಕೆ ಜನ ಬರುತ್ತಾರೆ. ಆದರೆ ತಾಯಿಯ ಸಾಲಿನಲ್ಲಿ ಹಳೇ ಕುಟುಂಬ ಅಂತ ಉಳಿದಿರೋದು ಅವರದ್ದು ಒಂದೇ. ಮನೆ ಉಳಿದ ಹಾಗೆ ಬೆಲೆ ಏರಿತು, ಬೆಲೆ ಏರಿದ ಹಾಗೆ ತೆರಿಗೆ, ಬಾಡಿಗೆ ಏರಿತು. ಒಬ್ಬೊಬ್ಬರೇ ಮಾರಿ ಊರಿನ ದಕ್ಷಿಣಕ್ಕೆ ಹೋದರು. ಐತಿಹಾಸಿಕ ಮನೆಗೆ ರಾಜ್ಯದಲ್ಲಿ ತೆರಿಗೆ ರಿಯಾಯಿತಿ ಇದೆ, ಮಾಲೀಕರು ಅರ್ಜಿ ಹಾಕಿಕೊಳ್ಳಬೇಕು. ಬಾಡಿಗೆಗಿದ್ದವರಿಗೆ ಅದರಿಂದ ಏನೂ ಇಲ್ಲ. ಓಣಿಯಲ್ಲಿ ಬಾಡಿಗೆಯವರೇ ಜಾಸ್ತಿ ಇದ್ದರು.

ಇಡೀ ಪ್ರಕರಣದಲ್ಲಿ ತಾಯಿ ತಮ್ಮದು ತಪ್ಪು ಅಂತ ಹೇಳಿಕೊಳ್ಳೋದು ಇದನ್ನೇ. ಹತ್ತು ವರ್ಷ ಕಿಟಕಿಯ ಅಗಲಕ್ಕೆ ಜಗಳ ಆಡಿದರು, ಬಾಡಿಗೆಯ ಬಗ್ಗೆ ಒಂದು ಸಭೆಯನ್ನೂ ಕರೆಯಲಿಲ್ಲ. ಬುಲ್ಡೋಜರ್ ಒಂದನ್ನೇ ಶತ್ರು ಅಂದುಕೊಂಡಿದ್ದರು. ಆ ನಿಯಮ ಬರೆಯೋ ಹೊತ್ತಲ್ಲೇ ಬಾಡಿಗೆಯವರು ಒಟ್ಟಾಗಿ ಮನೆ ಕೊಳ್ಳೋಕೆ, ಸಾಲ ಸಿಗೋಕೆ ಏನಾದರೂ ದಾರಿ ಮಾಡಿದ್ದರೆ ಅರ್ಧ ಓಣಿಯಾದರೂ ಉಳಿಯುತ್ತಿತ್ತೇನೋ. ಈ ಕೆಲಸಕ್ಕೆ ಇಳಿಯುವ ನಮ್ಮವರು ಇಲ್ಲಿ ಒಂದು ನಿಮಿಷ ನಿಂತು ಯೋಚಿಸಬೇಕು ಅಂತ ನನ್ನ ಕೋರಿಕೆ. ಗೋಡೆಯ ಲೆಕ್ಕ ಬರೆಯೋ ಪುಸ್ತಕದಲ್ಲೇ ಆ ಮನೆಯಲ್ಲಿ ಯಾರಿದ್ದಾರೆ, ಸ್ವಂತದ್ದೋ ಬಾಡಿಗೆಯೋ, ಎಷ್ಟು ಕಟ್ಟುತ್ತಾರೆ ಅಂತಲೂ ಮೊದಲ ದಿನವೇ ಬರೆಯಿರಿ.

ತಾಯಿಯ ನೋಟ್‌ಬುಕ್ಕುಗಳು ಈಗ ಹನ್ನೊಂದು ಆಗಿವೆ. ಕೊನೆಯದರಲ್ಲಿ ಓಣಿಯ ಒಂದೊಂದು ಬಾಗಿಲಿಗೆ ಒಂದೊಂದು ಪುಟ. ಯಾರಿದ್ದರು, ಯಾವಾಗ ಬಿಟ್ಟು ಹೋದರು, ಈಗ ಎಲ್ಲಿದ್ದಾರೆ, ಫೋನ್ ನಂಬರ್ ಏನು. ಬತ್ತಿ ಹಚ್ಚೋಕೆ ಅವರಲ್ಲಿ ಎಷ್ಟೋ ಜನ ಇನ್ನೂ ಎಲ್ ತಿರಾದೀತೊಗೆ ಬರುತ್ತಾರೆ, ಬಂದವರು ಇವರ ಬಾಗಿಲು ತಟ್ಟಿ ಹೋಗುತ್ತಾರೆ.

ನಾನು ಕೊನೆಯ ಸಲ ಹೋದದ್ದು ಮಾರ್ಚ್‌ನಲ್ಲಿ. ಆ ಊರಲ್ಲಿ ಮಳೆಗಾಲಕ್ಕೆ ಸಾನ್ ಹುವಾನ್ ಹಬ್ಬದ ಲೆಕ್ಕ, ಜೂನ್ 24. ಬಿಸಿಲು ಏರಿದರೆ ಸುಣ್ಣ ಬೇಗ ಒಣಗಿ ಬಿರುಕು ಬಿಡುತ್ತದೆ ಅಂತ ಗೋಡೆ ಕೆಲಸ ಮೊದಲೇ ಮುಗಿಸುತ್ತಾರೆ. ಅಂಗಳದಲ್ಲಿ ಬಕೆಟ್ಟಿನ ತುಂಬ ಕಳ್ಳಿ ಎಲೆಗಳು ನೆನೆಯುತ್ತಿದ್ದವು. ಮೇಜಿನ ಮೇಲೆ, ಮನೆ ಕೊಂಡುಕೊಳ್ಳುತ್ತೇವೆ ಅಂತ ಬಂದ ಪತ್ರಗಳ ಕಟ್ಟು. ಮಗಳು ಬೇರೆ ರಾಜ್ಯದಲ್ಲಿದ್ದಾಳೆ, ಏನು ಮಾಡಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ. ತಾಯಿ ಆ ಪತ್ರಗಳನ್ನು ಪಕ್ಕಕ್ಕೆ ಸರಿಸಿ, ನನ್ನ ಕೈಗೆ ಕೋಲು ಕೊಟ್ಟು, ಲೋಳೆ ಎಳೆ ಎಳೆಯಾಗಿ ಇಳಿಯೋವರೆಗೂ ತಿರುಗಿಸುತ್ತಿರು ಮಿಹಾ ಅಂದರು. ನಾವಿಬ್ಬರೂ ಪಶ್ಚಿಮದ ಗೋಡೆಯ ಬುಡದಲ್ಲಿ ಕೂತು ಸಂಜೆವರೆಗೆ ಸುಣ್ಣ ಕಲಸಿದೆವು.